ಅತ್ತೆ ಬಂದಿರುವ ಆರು ತಿಂಗಳು: ಪರದೇಶದ ಪುಟ್ಟ ಅಸ್ಸಾಮಿ ಸಂಘ ಏನನ್ನು ಉಳಿಸಿಕೊಳ್ಳಬಹುದು?

ತುಂಗಾತೀರದವಳು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಾನು ತೀರ್ಥಹಳ್ಳಿ ಕಡೆಯವಳು. ನನ್ನ ಗಂಡ ಅಸ್ಸಾಮಿನ ಜೋರ್ಹಾಟ್‌ನವರು. ನಾವು ಮಿಚಿಗನ್‌ಗೆ ಬಂದು 14 ವರ್ಷ ಆಯಿತು, ಇಬ್ಬರು ಮಕ್ಕಳು. ಇಲ್ಲಿ ಒಂದು ಚಿಕ್ಕ ಅಸ್ಸಾಮಿ ಸಂಘ ಇದೆ. ಎಲ್ಲಾ ಸೇರಿ 40 ಮನೆ ಇರಬಹುದು. ಈ ಸಲ ಸಮಿತಿಗೆ ನನ್ನನ್ನೂ ಸೇರಿಸಿಕೊಂಡಿದ್ದಾರೆ. ಕನ್ನಡ ಕೂಟಗಳಲ್ಲಿ ದುಡಿದವರು ಇಲ್ಲಿ ತುಂಬಾ ಜನ ಇದ್ದೀರಿ. ಅಸ್ಸಾಂ ಗೊತ್ತಿರುವವರೂ ಇರಬಹುದು. ಅದಕ್ಕೇ ಕೇಳುತ್ತಿದ್ದೇನೆ.

ಹೋದ ವರ್ಷ ಏಪ್ರಿಲ್‌ನಲ್ಲಿ ಬೊಹಾಗ್ ಬಿಹು ಮಾಡಿದೆವು. ಹೊಸ ವರ್ಷದ ಹಬ್ಬ, ನಮ್ಮ ಸೌರಮಾನ ಯುಗಾದಿಯ ಆಸುಪಾಸಿಗೇ ಬರುತ್ತದೆ. ಆಗ ಅತ್ತೆ ಊರಿನಿಂದ ಬಂದಿದ್ದರು. ಹಿರಿಯರನ್ನೆಲ್ಲ ಮೊದಲ ಸಾಲಿನಲ್ಲಿ ಕೂರಿಸಿ, ಹೆಗಲಿಗೆ ಗಾಮೋಸಾ, ಅಂದರೆ ಕೆಂಪು ಅಂಚಿನ ಬಿಳಿ ಬಟ್ಟೆ, ಹಾಕಿ ಫೋಟೋ ತೆಗೆದೆವು. ಆಮೇಲೆ ಮೂರು ಗಂಟೆ ಕಾರ್ಯಕ್ರಮ. ಆ ಮೂರು ಗಂಟೆಯಲ್ಲಿ ಆ ಹಿರಿಯರ ಹತ್ತಿರ ಯಾರೂ ಒಂದು ಮಾತು ಕೇಳಲಿಲ್ಲ. ನಾನೂ ಕೇಳಲಿಲ್ಲ. ಊಟದ ಕೌಂಟರ್ ನೋಡಿಕೊಳ್ಳುತ್ತಿದ್ದೆ.

ಮನೆಗೆ ಬಂದು ಅತ್ತೆ ಗಾಮೋಸಾ ಮಡಚುತ್ತಾ, ಅಂಚನ್ನು ಬೆರಳಲ್ಲಿ ಸವರಿ, "ಇದು ಮೆಷಿನ್‌ದು ಕಣಮ್ಮಾ" ಅಂದರು. ಅವರಿಗೆ ಬೇಸರ ಆಗಿರಲಿಲ್ಲ, ಸುಮ್ನೆ ಹೇಳಿದರು. ಮದುವೆಗೆ ಮುಂಚೆ ಅವರೇ ಮಗ್ಗದಲ್ಲಿ ಕೂತು ಗಾಮೋಸಾ ನೇಯ್ದವರು. ಇದು ನನಗೆ ಅವತ್ತೇ ಗೊತ್ತಾಗಿದ್ದು, ಮದುವೆಯಾಗಿ ಅಷ್ಟು ವರ್ಷ ಆದಮೇಲೆ!

ಮರುದಿನ ಅಡುಗೆಮನೆಯಲ್ಲಿ ತಿಲ್ ಪಿಠಾ (ಎಳ್ಳು ಬೆಲ್ಲ ತುಂಬಿದ ಅಕ್ಕಿ ಹಿಟ್ಟಿನ ತಿಂಡಿ) ಮಾಡುತ್ತಾ ಸಣ್ಣ ದನಿಯಲ್ಲಿ ಏನೋ ಹಾಡುತ್ತಿದ್ದರು. ನನ್ನ 9 ವರ್ಷದ ಮಗಳು ಬಂದು ನಿಂತು, "ಆಯ್ತಾ, ಇದೇನು ಹಾಡು?" ಅಂತ ಕೇಳಿದಳು. ಆಯ್ತಾ ಅಂದರೆ ಅಜ್ಜಿ. ಅದು ಬಿಯಾ ನಾಮ್, ಮದುವೆ ಮನೆಯಲ್ಲಿ ಹೆಂಗಸರು ಹಾಡುವ ಹಾಡು. ನಮ್ಮ ಕಡೆ ಸೋಬಾನೆ ಇಲ್ವಾ, ಹಾಗೆ. ಮಗಳು ಅವತ್ತು ನಾಲ್ಕು ಸಾಲು ಕಲಿತಳು, ಇವತ್ತಿಗೂ ಮರೆತಿಲ್ಲ.

ಅತ್ತೆ ಸೆಪ್ಟೆಂಬರ್‌ನಲ್ಲಿ ವಾಪಸ್ ಹೋದರು. ಆರು ತಿಂಗಳು ನಮ್ಮ ಜೊತೆ ಇದ್ದರೂ ಸಂಘಕ್ಕೆ ಅವರಿಂದ ಸಿಕ್ಕಿದ್ದು ಒಂದು ಫೋಟೋ ಮಾತ್ರ. ಅವರ ಹಾಗೆ ಪ್ರತಿ ವರ್ಷ ಆರೇಳು ಮನೆಗೆ ಅಪ್ಪ ಅಮ್ಮ ಬಂದು ಹೋಗುತ್ತಾರೆ. ನನ್ನ ಪ್ರಕಾರ ನಮ್ಮಂಥ ಸಂಘದ ನಿಜವಾದ ಆಸ್ತಿ ಇವರೇ. ಹಾಲ್ ಬುಕ್ಕಿಂಗಿಗೆ ಹಾಕುವ ತಲೆ ಮತ್ತು ದುಡ್ಡಿನಲ್ಲಿ ಅರ್ಧವನ್ನು ಇವರ ಹತ್ತಿರ ಕಲಿಯುವುದಕ್ಕೆ ಹಾಕಬೇಕು ಅಂತ ಸಮಿತಿಯಲ್ಲಿ ಹೇಳಬೇಕೆಂದಿದ್ದೇನೆ. ಹೇಗೆ ಮಾಡುವುದು? ಯಾರಾದರೂ ಮಾಡಿ ನೋಡಿದ್ದೀರಾ? ಅತ್ತೆ ಈ ಡಿಸೆಂಬರ್‌ನಲ್ಲಿ ಮತ್ತೆ ಬರುತ್ತಿದ್ದಾರೆ.

ಲುಯಿತ್‌ನಿಂದ ಬೆಂಗಳೂರಿಗೆ:

ನಮಸ್ಕಾರ ಬಾಯ್ದೇವ್. ನಮ್ಮಲ್ಲಿ ಅಕ್ಕನಿಗೆ ಹಾಗೆ ಅನ್ನುತ್ತೇವೆ, ನೀವು ನಮ್ಮೂರಿನ ಬೋವಾರಿ, ಅಂದರೆ ಸೊಸೆ, ಆದ್ದರಿಂದ ಸಲುಗೆ ತೆಗೆದುಕೊಂಡೆ. ನಾನು ನಗಾಂವ್‌ನವನು. 2009ರಿಂದ ಬೆಂಗಳೂರಿನಲ್ಲಿದ್ದೇನೆ. ಕನ್ನಡ ಇಲ್ಲೇ ಕಲಿತೆ, ತಪ್ಪಿದ್ದರೆ ತಿದ್ದಿ. ಲುಯಿತ್ ಅಂದರೆ ಬ್ರಹ್ಮಪುತ್ರಕ್ಕೆ ನಾವು ಪ್ರೀತಿಯಿಂದ ಕರೆಯುವ ಹೆಸರು.

ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಸ್ಟೇಜ್ ಬಗ್ಗೆ ಒಂದು ಮಾತು. ಬಿಹು ಸ್ಟೇಜ್ ಹತ್ತಿದ್ದು ಅಮೆರಿಕದಲ್ಲಿ ಅಲ್ಲ. ಗುವಾಹಟಿಯ ಲತಾಶಿಲ್ ಮೈದಾನದಲ್ಲಿ 1952ರಲ್ಲೇ ವೇದಿಕೆ ಹಾಕಿ ಬಿಹು ಶುರು ಮಾಡಿದರು. ಅದಕ್ಕೆ ಮುಂಚೆ ಅದು ಗದ್ದೆಯ ಬದಿ, ಮರದ ಕೆಳಗೆ ಹುಡುಗ ಹುಡುಗಿಯರು ಕುಣಿಯುವ ಕುಣಿತ. ಹುಸೊರಿ ತಂಡ ಮನೆ ಮನೆ ಅಂಗಳಕ್ಕೆ ಹೋಗಿ ಹಾಡಿ ಹರಸುವುದು ಇನ್ನೊಂದು ಬಗೆ. ಊರಿನಿಂದ ಪಟ್ಟಣಕ್ಕೆ ಬಂದವರಿಗೆ ಅಂಗಳ ಇರಲಿಲ್ಲ, ಸ್ಟೇಜ್ ಬಂತು. ನನ್ನ ತಲೆಮಾರು ಬಿಹು ನೋಡಿದ್ದೇ ಸ್ಟೇಜ್ ಮೇಲೆ. ಹಾಗಾಗಿ ಅದನ್ನು ಬಿಡಬೇಡಿ. ಮಕ್ಕಳು ಮೊದಲು ಬರುವುದೇ ಅದಕ್ಕೆ.

ಆದರೆ ಹುಸೊರಿ ಮಾಡಿ ನೋಡಿ. 40 ಮನೆ ಅಂದರೆ ಹುಸೊರಿಗೆ ಸರಿಯಾದ ಲೆಕ್ಕ. ಒಂದು ಶನಿವಾರ ಐದು ಮನೆ. ಢೋಲ್, ತಾಳ, ಗೊಗೊನಾ ಸಾಕು. ಗೊಗೊನಾ ಬಿದಿರಿನದು, ಹಲ್ಲಿನ ನಡುವೆ ಇಟ್ಟು ಮೀಟುವುದು, ಜೇಬಿನಲ್ಲಿ ತರಬಹುದು. ಎಮ್ಮೆ ಕೊಂಬಿನ ಪೆಂಪಾ ತರುವುದು ಮಾತ್ರ ಕಷ್ಟ. ಮನೆಯವರು ಬಾಗಿಲಲ್ಲಿ ನಿಂತು, ಹೊರಾಯ್ ಎಂಬ ಕಂಚಿನ ಕಾಲುತಟ್ಟೆಯಲ್ಲಿ ತಾಮೂಲ್ ಪಾನ್, ಅಂದರೆ ಅಡಿಕೆ ವೀಳ್ಯದೆಲೆ, ಇಟ್ಟು ತಂಡಕ್ಕೆ ಕೊಡುತ್ತಾರೆ. ಮೊದಲು ಬಾಗಿಲು ತೆಗೆಯಬೇಕಾದವರು ನಿಮ್ಮ ಅತ್ತೆಯಂಥ ಹಿರಿಯರು. ಹರಸುವ ಮಾತು ಗೊತ್ತಿರುವುದು ಅವರಿಗೇ.

ಹೊರಾಯ್ ಅಂತ ಬರೆದಿದ್ದೇನೆ. ಆ ಮೊದಲ ಅಕ್ಷರ ಹ ಕೂಡ ಅಲ್ಲ, ಖ ಕೂಡ ಅಲ್ಲ, ಗಂಟಲ ಹತ್ತಿರ ಉಜ್ಜಿಕೊಂಡು ಬರುವ ಸದ್ದು. ನಮ್ಮ ಭಾಷೆಯ ಗುರುತೇ ಅದು. ಲಂಡನ್ ಹತ್ತಿರ ಇರುವ ನನ್ನ ಅಕ್ಕನ ಮಕ್ಕಳಿಗೆ ಆ ಸದ್ದು ಹೊರಡುವುದಿಲ್ಲ. 'ಸ' ಅನ್ನುತ್ತಾರೆ, ಇಲ್ಲವೇ 'ಹ' ಅನ್ನುತ್ತಾರೆ. ಅದನ್ನು ಪುಸ್ತಕದಿಂದ ಕಲಿಯಲು ಆಗಲ್ಲ, ಅಜ್ಜಿಯ ಬಾಯಿಂದಲೇ ಕಲಿಯಬೇಕು.

ತುಂಗಾತೀರದವಳು:

ಹುಸೊರಿ ಮಾತು ನಮ್ಮ ಸಮಿತಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ! ಏಪ್ರಿಲ್ ಮಧ್ಯದಲ್ಲಿ ಇಲ್ಲಿ ಕೆಲವು ಸಲ ಹಿಮ ಬೀಳುತ್ತದೆ, ಅಂಗಳ ಆಗಲ್ಲ. ಆದರೆ ಗ್ಯಾರೇಜ್ ಬಾಗಿಲು ತೆಗೆದರೆ ಅದೇ ಅಂಗಳ. ಆ ಸದ್ದಿನ ವಿಷಯ ಓದಿ ನಕ್ಕೆ, ನನಗೂ ಇವತ್ತಿಗೂ ಹೊರಡುವುದಿಲ್ಲ. ಅತ್ತೆ ಪ್ರತಿ ಸಲ ತಿದ್ದುತ್ತಾರೆ.

ಇಳಕಲ್ ಮಗ್ಗದ ಮನೆ:

ಅಕ್ಕಾ, ನಮ್ಮದು ಇಳಕಲ್‌ನ ನೇಕಾರರ ಮನೆ. ನಿಮ್ಮ ಅತ್ತೆ ಬೆರಳಲ್ಲಿ ಸವರಿ ಮೆಷಿನ್‌ದು ಅಂದರಲ್ಲ, ನಮ್ಮ ಅಪ್ಪನೂ ಹಂಗೆ. ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ.

ಅಸ್ಸಾಂಗೆ ತರಬೇತಿಗೆ ಅಂತ ಒಮ್ಮೆ ಹೋಗಿದ್ದೆ, ರೇಷ್ಮೆ ನೇಯುವ ಊರು ಸುವಾಲ್‌ಕುಚಿ ನೋಡಿದೆ. ನಮ್ಮಲ್ಲಿ ಮಗ್ಗದ ಮೇಲೆ ಗಂಡಸರೇ ಜಾಸ್ತಿ, ನೂಲು ಸುತ್ತುವ ಕೆಲಸ ಹೆಂಗಸರದ್ದು. ಅಸ್ಸಾಮಿನ ಹಳ್ಳಿಗಳಲ್ಲಿ ನೇಯುವುದು ಹೆಣ್ಣುಮಕ್ಕಳು, ಮಗ್ಗ ಇರುವುದು ಮನೆಯಲ್ಲೇ. ದೇಶದಲ್ಲಿ ಕೈಮಗ್ಗ ಎಲ್ಲಕ್ಕಿಂತ ಜಾಸ್ತಿ ಇರುವ ರಾಜ್ಯ ಅದು. ಮೂಗಾ ರೇಷ್ಮೆ ಅಲ್ಲೇ ಮೊದಲು ಮುಟ್ಟಿ ನೋಡಿದ್ದು. ನಮ್ಮ ರಾಮನಗರದ ರೇಷ್ಮೆ ಹುಳ ಮನೆಯೊಳಗೆ ಹಿಪ್ಪುನೇರಳೆ ಸೊಪ್ಪು ತಿಂದು ಬೆಳೆಯುತ್ತದೆ. ಮೂಗಾ ಹುಳ ಹೊರಗೆ ಸೋಮ್ ಮರದ ಮೇಲೆ ಬೆಳೆಯುತ್ತದೆ, ಮಳೆ ಗಾಳಿ ಹಕ್ಕಿ ಎಲ್ಲ ತಡೆದುಕೊಂಡು. ಬಣ್ಣ ಹಾಕುವುದು ಬೇಡ, ನೂಲೇ ಬಂಗಾರದ ಬಣ್ಣ.

ಗಾಮೋಸಾಕ್ಕೆ 2022ರಲ್ಲಿ ಜಿಐ ಟ್ಯಾಗ್, ಅಂದರೆ ಆ ಊರಿನದೇ ಅನ್ನುವ ಸರ್ಕಾರಿ ಗುರುತು, ಸಿಕ್ಕಿತು. 2023ರಲ್ಲಿ ಪವರ್‌ಲೂಮ್ ಗಾಮೋಸಾ ಮಾರುವುದನ್ನು ಅಲ್ಲಿನ ಸರ್ಕಾರ ತಡೆಯಿತು. ಊರಿನಲ್ಲೇ ಇಷ್ಟು ಹೋರಾಟ ಇರುವಾಗ, ಪರದೇಶದ ಸಂಘ ಸನ್ಮಾನಕ್ಕೆ ಮೆಷಿನ್ ಗಾಮೋಸಾ ಹಾಕಿದರೆ ನೇಯುವವರ ಹೊಟ್ಟೆಗೆ ಏನು? ದಯವಿಟ್ಟು ಒಂದು ಕೆಲಸ ಮಾಡಿ. ವರ್ಷಕ್ಕೆ ಬೇಕಾದ ಗಾಮೋಸಾ ಎಷ್ಟು ಅಂತ ಮೊದಲೇ ಲೆಕ್ಕ ಹಾಕಿ, ಒಂದು ಹಳ್ಳಿಯ ಹೆಣ್ಣುಮಕ್ಕಳಿಗೆ ನೇರ ಆರ್ಡರ್ ಕೊಡಿ. ಊರಿಗೆ ಹೋದವರು ತರಲಿ. ಹಗುರ ಬಟ್ಟೆ, ಸೂಟ್‌ಕೇಸಿನಲ್ಲಿ ಜಾಗ ತಿನ್ನುವುದಿಲ್ಲ.

ಇನ್ನೊಂದು. ಚಿಕ್ಕ ಚೌಕಟ್ಟಿನ ಮಗ್ಗ ಅಲ್ಲಿ ಕ್ರಾಫ್ಟ್ ಅಂಗಡಿಯಲ್ಲಿ ಸಿಗುತ್ತದೆ. ಬಿಳಿ ಹಾಸು ಕಟ್ಟಿ, ಕೆಂಪು ನೂಲನ್ನು ಮಧ್ಯೆ ಸೇರಿಸುತ್ತಾ ಒಂದೇ ಒಂದು ಹೂವು ಎತ್ತುವುದನ್ನು ಅತ್ತೆ ಮಕ್ಕಳಿಗೆ ತೋರಿಸಲಿ. ಒಂದು ಹೂವಿಗೆ ಒಂದು ಮಧ್ಯಾಹ್ನ ಬೇಕು. ಆ ಮಗು ಮುಂದೆ ಗಾಮೋಸಾವನ್ನು ನೆಲಕ್ಕೆ ಎಸೆಯುವುದಿಲ್ಲ.

ಬೇ ಏರಿಯಾ ಕನ್ನಡ ಟೀಚರ್:

ಕ್ಯಾಲಿಫೋರ್ನಿಯಾದಲ್ಲಿ ಭಾನುವಾರದ ಕನ್ನಡ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಸ್ವಲ್ಪ ಖಾರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಅಜ್ಜಿಯರಿಂದ ಕಲಿಯುವುದು ಸರಿ. ಆದರೆ ಆರು ತಿಂಗಳು ಆದಮೇಲೆ ಏನು? ನಮ್ಮಲ್ಲೂ ಒಬ್ಬರು ತಾಯಿ ಬಂದು ಚೌಕಾಬಾರ, ಗಾದೆ, ಒಗಟು ಎಲ್ಲ ಹೇಳಿಕೊಟ್ಟರು. ಮಕ್ಕಳು ಹಿಗ್ಗಿದರು. ಅವರು ವಾಪಸ್ ಹೋದ ಮೇಲೆ ಆ ತರಗತಿ ಅಲ್ಲಿಗೇ ನಿಂತಿತು. ಬರೆದುಕೊಂಡವರಿಲ್ಲ, ರೆಕಾರ್ಡ್ ಮಾಡಿದವರಿಲ್ಲ. ನಮಗೆ ಪಠ್ಯಪುಸ್ತಕ ಇದೆ, ಟೀಚರ್‌ಗಳು ಇದ್ದಾರೆ, ಅಮೆರಿಕದ ಕನ್ನಡ ಕೂಟಗಳ ಒಕ್ಕೂಟ 'ಅಕ್ಕ'ದಂಥ ದೊಡ್ಡ ಸಂಸ್ಥೆ ಇದೆ. ಆದರೂ ಇದು ಕೈ ತಪ್ಪಿತು. 2011ರ ಜನಗಣತಿಯಲ್ಲಿ ಕನ್ನಡದವರು 4.37 ಕೋಟಿ, ಅಸ್ಸಾಮಿಯವರು 1.53 ಕೋಟಿ. ಪರದೇಶದಲ್ಲಿ ಆ ಅಂತರ ಇನ್ನೂ ಜಾಸ್ತಿ ಕಾಣುತ್ತದೆ. ನಿಮಗೆ ಕಳೆದುಕೊಳ್ಳಲು ನಮ್ಮಷ್ಟು ಇಲ್ಲ.

ಅದಕ್ಕೆ ಅಕ್ಷರ ಬಿಡಬೇಡಿ. ಅಸ್ಸಾಮಿಗೆ 2024ರ ಅಕ್ಟೋಬರ್‌ನಲ್ಲಿ ಶಾಸ್ತ್ರೀಯ ಭಾಷೆಯ ಸ್ಥಾನ ಬಂತು, ನಮಗೆ 2008ರಲ್ಲಿ ಬಂದ ಹಾಗೆ. ಸಂತೋಷವೇ. ಆದರೆ ನಿಮ್ಮ 40 ಮನೆಯಲ್ಲಿ ಎಷ್ಟು ಮಕ್ಕಳು ತಮ್ಮ ಹೆಸರನ್ನು ಆ ಲಿಪಿಯಲ್ಲಿ ಬರೆಯುತ್ತಾರೆ? ಮೊದಲು ಅದನ್ನು ಎಣಿಸಿ.

ಲುಯಿತ್‌ನಿಂದ ಬೆಂಗಳೂರಿಗೆ:

ಟೀಚರ್, ನಿಮ್ಮ ಮಾತು ನನ್ನ ಮನೆಯದೇ. 2016ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ವೃಂದಾವನೀ ವಸ್ತ್ರ ಪ್ರದರ್ಶನಕ್ಕೆ ಇಟ್ಟಿದ್ದರು. ಅಸ್ಸಾಮಿನಲ್ಲಿ ನೇಯ್ದ ರೇಷ್ಮೆ, 9 ಮೀಟರ್‌ಗೂ ಉದ್ದ. ಅದು ಟಿಬೆಟ್‌ನಿಂದ ಅಲ್ಲಿಗೆ ಹೋಗಿ ಸೇರಿದ್ದು. ಕೃಷ್ಣನ ಕತೆಗಳೆಲ್ಲ ನೇಯ್ಗೆಯಲ್ಲೇ ಇವೆ. ಜೊತೆಗೆ ನಮ್ಮ ವೈಷ್ಣವ ಸಂತ ಶಂಕರದೇವರ ಕಾಳಿಯದಮನ ನಾಟಕದ ಸಾಲುಗಳನ್ನೂ ಅಕ್ಷರ ಅಕ್ಷರವಾಗಿ ನೇಯ್ದಿದ್ದಾರೆ. ಅಕ್ಕ ಮಕ್ಕಳನ್ನು ಕರೆದುಕೊಂಡು ಹೋದಳು. ಮಕ್ಕಳು ಹಾವು, ಕೃಷ್ಣ, ಬಕ ಎಲ್ಲ ಗುರುತು ಹಿಡಿದರು. ಅಕ್ಷರದ ಹತ್ತಿರ ಬಂದಾಗ "ಮಾ, ಇದೇನು ಡಿಸೈನ್?" ಅಂದರು. ಅಕ್ಕ ಅವತ್ತು ರಾತ್ರಿ ನನಗೆ ಫೋನ್ ಮಾಡಿ ಅತ್ತಳು. ಮರುವಾರದಿಂದ ಮನೆಯಲ್ಲೇ ವರ್ಣಮಾಲೆ ಶುರು ಮಾಡಿದಳು.

ನಮ್ಮ ಅಕ್ಷರದ ಹಿಂದೆ ನೋವೂ ಇದೆ. 1836ರಲ್ಲಿ ಬ್ರಿಟಿಷರು ಅಸ್ಸಾಮಿನ ಶಾಲೆ, ಕಚೇರಿಗಳಿಗೆ ಬಂಗಾಳಿ ತಂದರು. ನಮ್ಮ ಭಾಷೆ ಮತ್ತೆ ಒಳಗೆ ಬಂದಿದ್ದು 1873ರಲ್ಲಿ. ನಡುವೆ 37 ವರ್ಷ. ಆ ಕಾಲದಲ್ಲಿ, 1846ರಲ್ಲಿ, ಶಿವಸಾಗರದಿಂದ ಅಮೆರಿಕದ ಬ್ಯಾಪ್ಟಿಸ್ಟ್ ಮಿಷನರಿಗಳು ಅರುಣೋದಯ ಪತ್ರಿಕೆ ತಂದರು. ನಿಮ್ಮ ಮಂಗಳೂರ ಸಮಾಚಾರ 1843ರದ್ದು, ಹೆಚ್ಚು ಕಡಿಮೆ ಒಂದೇ ಕಾಲ.

ಮತ್ತು ಊರಿನ ಹೊರಗೆ ಸಂಘ ಕಟ್ಟುವುದು ನಮಗೆ ಹೊಸದಲ್ಲ ಬಾಯ್ದೇವ್. 1888ರಲ್ಲಿ ಕಲ್ಕತ್ತೆಯಲ್ಲಿ ಓದುತ್ತಿದ್ದ ಅಸ್ಸಾಮಿ ಹುಡುಗರು ವಾರಕ್ಕೊಮ್ಮೆ ಚಹಾ ಕುಡಿಯಲು ಸೇರುತ್ತಿದ್ದರು. ಅಲ್ಲಿಂದಲೇ ಅಸ್ಸಾಮಿ ಭಾಷೆಯ ಏಳಿಗೆಗೆ ಒಂದು ಸಭೆ ಹುಟ್ಟಿತು. ಮರುವರ್ಷ ಜೋನಾಕಿ ಪತ್ರಿಕೆ ಬಂತು, ನಮ್ಮ ಹೊಸ ಸಾಹಿತ್ಯ ಅಲ್ಲಿಂದಲೇ ಶುರು. ಅವರಲ್ಲಿ ಒಬ್ಬರಾದ ಲಕ್ಷ್ಮೀನಾಥ ಬೆಜ್‌ಬರುವಾ ಬದುಕಿನ ಬಹುಪಾಲು ಅಸ್ಸಾಮಿನ ಹೊರಗೇ ಇದ್ದರು, ಕಲ್ಕತ್ತ ಕಡೆ, ಆಮೇಲೆ ಒಡಿಶಾದ ಸಂಬಲಪುರದಲ್ಲಿ. ಅಜ್ಜಿ ಕತೆಗಳನ್ನು ಸೇರಿಸಿ 1911ರಲ್ಲಿ ಪುಸ್ತಕ ಮಾಡಿದವರು ಅವರೇ. ಇವತ್ತಿಗೂ ಅಸ್ಸಾಮಿನ ಪ್ರತಿ ಮಗು ಕೇಳುವುದು ಅವೇ ಕತೆಗಳನ್ನು. ದೂರ ಇದ್ದವರೇ ಬರೆದಿಟ್ಟರು. ಹಾಗಾಗಿ ಟೀಚರ್ ಹೇಳಿದ್ದು ಸರಿ, ರೆಕಾರ್ಡ್ ಮಾಡಲೇಬೇಕು.

ಮೈಸೂರಿನ ಅಜ್ಜಿ:

ಮಗಳೇ ತುಂಗಾತೀರದವಳೇ, ನಾನು ಈಗ ನ್ಯೂಜೆರ್ಸಿಯಲ್ಲಿ ಮಗನ ಮನೆಯಲ್ಲಿದ್ದೇನೆ. ನಿನ್ನ ಅತ್ತೆಯ ಹಾಗೆ ಆರು ತಿಂಗಳಿಗೆ ಬಂದವಳು. ವಯಸ್ಸು 71. ಮೊಮ್ಮಗ ಟೈಪ್ ಮಾಡುವುದು ಕಲಿಸಿಕೊಟ್ಟಿದ್ದಾನೆ. ನೀವೆಲ್ಲ ನಮ್ಮ ಬಗ್ಗೆ ಮಾತಾಡುತ್ತಿದ್ದೀರಿ, ನಾನೂ ಒಂದು ಮಾತು ಹೇಳುತ್ತೇನೆ.

ನಮಗೆ ಮೈಕ್ ಕೊಡಬೇಡಿ. ಮೈಕ್ ಹಿಡಿದರೆ ನನಗೆ ನಮ್ಮಮ್ಮ ಕಲಿಸಿದ ಹಸೆ ಹಾಡು ಒಂದು ಸಾಲೂ ಬರುವುದಿಲ್ಲ. ಕೈಯಲ್ಲಿ ಕೆಲಸ ಕೊಡಿ. ಅವರೆಕಾಳು ಹಿಸುಕುವಾಗ ತಾನಾಗೇ ಬರುತ್ತದೆ.

ಕ್ಯಾಮೆರಾ ಮುಖಕ್ಕೆ ಹಿಡಿದು "ಅಮ್ಮಾ, ಏನಾದರೂ ಹೇಳಿ" ಅಂದರೆ ಏನು ಹೇಳುವುದು? ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಇಟ್ಟು, ಜೊತೆಗೆ ಕೂತು ಮಾತಾಡಿ. ಮೊದಲೇ ಹೇಳಿ ಕೇಳಿ ಇಡಿ, ಕದ್ದು ಬೇಡ.

ಆಮೇಲೆ ಕಾರು. ಇಲ್ಲಿ ಹಾಲು ತರುವುದಕ್ಕೂ ಕಾರು ಬೇಕು. ನಮ್ಮನ್ನು ಯಾರಾದರೂ ಕರೆದುಕೊಂಡು ಹೋಗಿ ವಾಪಸ್ ಬಿಡಬೇಕು. ಮಂಡಿ ನೋವು, ಮೆಟ್ಟಿಲು ಇರುವ ಮನೆ ಬೇಡ. ಬೆಳಿಗ್ಗೆ ಹೊತ್ತು ಒಳ್ಳೆಯದು, ಎರಡು ಗಂಟೆ ಸಾಕು. ಮಗ ಸೊಸೆ ಆಫೀಸಿಗೆ, ಮೊಮ್ಮಗ ಸ್ಕೂಲಿಗೆ ಹೋದಮೇಲೆ ಮನೆಯಲ್ಲಿ ಗೋಡೆ ಗಡಿಯಾರದ ಸದ್ದು ಬಿಟ್ಟರೆ ಏನೂ ಇಲ್ಲ. ನಿನ್ನ ಅತ್ತೆಗೂ ಹಾಗೇ ಇರುತ್ತದೆ, ಹೇಳಿರುವುದಿಲ್ಲ ಅಷ್ಟೇ. ಅವರಿಗೆ ಇನ್ನೊಂದು ಅಸ್ಸಾಮಿ ಅಜ್ಜಿಯ ಜೊತೆ ಮಾಡಿಕೊಡು. ಇಬ್ಬರು ಸೇರಿದರೆ ಒಬ್ಬರು ಮರೆತಿದ್ದು ಇನ್ನೊಬ್ಬರಿಗೆ ನೆನಪಾಗುತ್ತದೆ.

ತುಂಗಾತೀರದವಳು:

ಅಮ್ಮಾ, ನಿಮ್ಮ ಮಾತು ಓದಿ ಗಂಡನಿಗೂ ಓದಿ ಹೇಳಿದೆ. ಇಬ್ಬರೂ ಸುಮಾರು ಹೊತ್ತು ಸುಮ್ಮನೆ ಕೂತಿದ್ದೆವು. ಹೋದ ಸಲ ಅತ್ತೆ ಹಗಲೆಲ್ಲ ಒಬ್ಬರೇ ಇದ್ದರು. ಎರಡು ಮೈಲಿ ದೂರದಲ್ಲಿ ತೇಜ್‌ಪುರದಿಂದ ಬಂದ ಇನ್ನೊಬ್ಬರು ಅಜ್ಜಿ ಇದ್ದರು ಅಂತ ನನಗೆ ಜೂನ್‌ನಲ್ಲಿ ಗೊತ್ತಾಯಿತು. ಕಾರು ಸರದಿಯನ್ನೇ ಮೊದಲು ಬರೆದುಕೊಂಡೆ.

ಕುಂದಾಪ್ರ ಮಾಣಿ:

ನಾನು ಹವ್ಯಾಸಿ ಯಕ್ಷಗಾನ ಕಲಾವಿದ, ದುಬೈನಲ್ಲಿ ಕೆಲಸ. ಅಸ್ಸಾಮಿನ ಮಜುಲಿ ದ್ವೀಪದಲ್ಲಿ ಒಮ್ಮೆ ಭಾವನಾ ಎಂಬ ಭಕ್ತಿ ನಾಟಕ ನೋಡಿದ್ದೇನೆ. ನಾಮ್‌ಘರ್‌ನಲ್ಲಿ, ಅಂದರೆ ಊರಿನ ಪ್ರಾರ್ಥನೆಯ ಮನೆಯಲ್ಲಿ, ರಾತ್ರಿ ಶುರುವಾಯಿತು. ಮೊದಲು ಗಾಯನ್ ಬಾಯನ್ ಅಂತ ಬಿಳಿ ಬಟ್ಟೆಯವರು ಖೋಲ್ ಬಾರಿಸುತ್ತಾ ತಾಳ ಹಾಕುತ್ತಾ ಬಂದರು. ನನಗೆ ನಮ್ಮ ಪೀಠಿಕೆಯ ಚೆಂಡೆ ಮದ್ದಳೆ ನೆನಪಾಗಿ ಮೈ ಜುಮ್ಮೆಂದಿತು. ಸೂತ್ರಧಾರ ಕೊನೆಯವರೆಗೂ ರಂಗದ ಮೇಲೆ ಇರುತ್ತಾನೆ, ಹಾಡುತ್ತಾನೆ, ಕತೆ ಬಿಡಿಸುತ್ತಾನೆ. ನಮ್ಮ ಭಾಗವತರ ಹಾಗೇ ಅಲ್ವಾ? ಶಂಕರದೇವರು 15-16ನೇ ಶತಮಾನದಲ್ಲಿ ಇದನ್ನು ಕಟ್ಟಿದ್ದು. ಮಾತೆಲ್ಲ ಬ್ರಜಾವಳಿ ಎಂಬ ಬೆರಕೆ ಭಾಷೆಯಲ್ಲಿ, ಊರಿನವರಿಗೇ ಪೂರ್ತಿ ತಿಳಿಯಲ್ಲ, ಆದರೂ ಮಕ್ಕಳು ನಿದ್ದೆ ಮಾಡದೆ ನೋಡುತ್ತಿದ್ದರು.

ಸಾಮಗುರಿ ಸತ್ರದಲ್ಲಿ (ಅಲ್ಲಿನ ವೈಷ್ಣವ ಮಠ) ಮುಖವಾಡ ಮಾಡುವುದು ತೋರಿಸಿದರು. ಬಿದಿರಿನ ಹೆಣಿಗೆ, ಮೇಲೆ ಬಟ್ಟೆ, ಮಣ್ಣು, ಸೆಗಣಿ. ನಿಮ್ಮ ಮಕ್ಕಳಿಗೆ ಬಿದಿರಿನ ಬದಲು ಬೇರೆ ಕಡ್ಡಿ ಸಿಕ್ಕರೂ ಆದೀತು, ಒಂದು ಜಟಾಯು ಮುಖವಾಡ ಮಾಡಿಸಿ. ದುಬೈನಲ್ಲಿ ನಾವು ಮಕ್ಕಳಿಗೆ ಇಡೀ ಪ್ರಸಂಗ ಕಲಿಸಲು ಹೋಗಿ ಸೋತೆವು. ಆಮೇಲೆ ಒಂದೊಂದು ಮಗುವಿಗೆ ಒಂದೊಂದು ವೇಷದ ಒಡ್ಡೋಲಗ ಮಾತ್ರ ಕಲಿಸಿದೆವು, ಅದು ನಿಂತಿತು.

ಒಂದು ವಿನಂತಿ. ನಿಮ್ಮ ಗಂಡನ ಕಡೆಯವರನ್ನು ಮತ್ತು ನಿಮ್ಮ ಊರಿನ ಕನ್ನಡ ಕೂಟವನ್ನು ಒಂದು ರಾತ್ರಿಗೆ ಸೇರಿಸಿ. ಮೊದಲು ಯಕ್ಷಗಾನದ ಒಂದು ತುಂಡು, ಆಮೇಲೆ ಭಾವನಾದ ಒಂದು ತುಂಡು. 40 ಮನೆಗೆ ಹಾಲ್ ಬಾಡಿಗೆ ಭಾರ, ಹಂಚಿಕೊಂಡರೆ ಹಗುರ.

ಲುಯಿತ್‌ನಿಂದ ಬೆಂಗಳೂರಿಗೆ:

ಮಾಣಿ ಅವರೇ, ಓದಿ ತುಂಬಾ ಖುಷಿ ಆಯಿತು. ಒಂದು ವಿಷಯ ಸೇರಿಸಬೇಕು, ಇದು ಸಂಘಗಳಲ್ಲಿ ಜಗಳ ತರುವ ವಿಷಯವೂ ಹೌದು. ಅಸ್ಸಾಂ ಅಂದರೆ ಬಿಹು ಮತ್ತು ಶಂಕರದೇವರು ಮಾತ್ರ ಅಲ್ಲ. ನನ್ನ ರೂಮ್‌ಮೇಟ್ ಬೋಡೋ. ಅವನ ಏಪ್ರಿಲ್ ಹಬ್ಬ ಬ್ವಿಸಾಗು, ಹೆಗಲ ಮೇಲೆ ಅರೊನಾಯ್ ಎಂಬ ಶಾಲು. ಮಿಸಿಂಗ್ ಜನರದ್ದು ಅಲಿ ಆಯ್ ಲಿಗಾಂಗ್, ಬಿತ್ತನೆ ಹಬ್ಬ. ತಾಯ್ ಅಹೋಮರು ಜನವರಿ 31ಕ್ಕೆ ಮೇ ದಾಮ್ ಮೇ ಫಿ ಅಂತ ಹಿರಿಯರನ್ನು ನೆನೆಯುತ್ತಾರೆ. ಚಹಾ ತೋಟದವರ ಝುಮುರ್ ಕುಣಿತ ಇದೆ. ನಿಮ್ಮ 40 ಮನೆಯಲ್ಲಿ ಇವರಲ್ಲಿ ಯಾರೋ ಇದ್ದೇ ಇರುತ್ತಾರೆ, ಕೊನೆ ಸಾಲಿನಲ್ಲಿ ಕೂತಿರುತ್ತಾರೆ. ಅವರ ಮನೆಗೆ ಬಂದ ಅಜ್ಜ ಅಜ್ಜಿಯ ಹತ್ತಿರವೂ ಹೋಗಿ. ಅವರ ಭಾಷೆಯಲ್ಲೇ ರೆಕಾರ್ಡ್ ಮಾಡಿ, ಅಸ್ಸಾಮಿಗೆ ತಿರುಗಿಸಿ ಹೇಳಿಸಬೇಡಿ.

ಬೇ ಏರಿಯಾ ಕನ್ನಡ ಟೀಚರ್:

ಇದನ್ನು ಕನ್ನಡ ಕೂಟದವರೂ ಓದಬೇಕು. ತುಳು, ಕೊಡವ, ಕೊಂಕಣಿ, ಬ್ಯಾರಿ ಮನೆಯವರು ನಮ್ಮ ಕೂಟಗಳಲ್ಲೂ ಹೀಗೇ ಕೂತಿರುತ್ತಾರೆ. ನಮ್ಮ ಶಾಲೆಯಲ್ಲಿ ಮುಂದಿನ ತಿಂಗಳು ಒಬ್ಬರು ಕೊಡವ ತಾತನನ್ನು ಕರೆಯುತ್ತಿದ್ದೇನೆ.

ತುಂಗಾತೀರದವಳು, ರೆಕಾರ್ಡಿಂಗ್ ಬಗ್ಗೆ ಒಂದು ಸಲಹೆ. ಹಾಡಿನ ಜೊತೆ ಹಾಡಿದವರ ಊರು, ಯಾರಿಂದ ಕಲಿತರು, ಯಾವ ಸಂದರ್ಭದ ಹಾಡು, ಇಷ್ಟನ್ನು ಅವರ ಬಾಯಲ್ಲೇ ಹೇಳಿಸಿ. ಒಂದೇ ಫೋನಿನಲ್ಲಿ ಇಡಬೇಡಿ, ಮೂರು ಕಡೆ ಇಡಿ.

ತುಂಗಾತೀರದವಳು:

ನಿನ್ನೆ ಸಮಿತಿ ಸಭೆ ಆಯಿತು. ಎಲ್ಲಾ ಒಪ್ಪಲಿಲ್ಲ. ಏಪ್ರಿಲ್‌ನ ಸ್ಟೇಜ್ ಕಾರ್ಯಕ್ರಮ ಇದ್ದ ಹಾಗೇ ಇರುತ್ತದೆ, ಲುಯಿತ್ ಅವರು ಹೇಳಿದ್ದು ಓದಿದ ಮೇಲೆ ನನಗೂ ಅದು ಸರಿ ಅನಿಸಿತು. ಕೈಮಗ್ಗದ ಗಾಮೋಸಾಗೆ ಒಪ್ಪಿದರು. ಜನವರಿಯಲ್ಲಿ ಊರಿಗೆ ಹೋಗುವವರು 60 ತರುತ್ತಾರೆ. ಜನವರಿಯ ಸುಗ್ಗಿ ಹಬ್ಬ ಭೋಗಾಲಿ ಬಿಹುವಿನ ಮೇಜಿ ಬೆಂಕಿ ಹಾಕಲು ಪಾರ್ಕಿನಲ್ಲಿ ಅನುಮತಿ ಸಿಗಲಿಲ್ಲ, ಒಬ್ಬರು ತಮ್ಮ ಹಿತ್ತಲಿನ ಬೆಂಕಿ ಗುಂಡಿಯಲ್ಲಿ ಹಾಕಲು ಮುಂದೆ ಬಂದಿದ್ದಾರೆ.

ಅಜ್ಜಿಯರ ಬೆಳಗು ಜನವರಿಯಿಂದ ಶುರು. ಮೊದಲನೆಯದು ನಮ್ಮ ಮನೆಯಲ್ಲಿ, ಭೋಗಾಲಿ ಬಿಹು ಹಿಂದಿನ ಶನಿವಾರ. ಅತ್ತೆ ಮತ್ತು ತೇಜ್‌ಪುರದ ಅಜ್ಜಿ ತಿಲ್ ಪಿಠಾ ಮಾಡುತ್ತಾರೆ, ಅವರೂ ಈ ಚಳಿಗಾಲಕ್ಕೆ ಮತ್ತೆ ಬರುತ್ತಿದ್ದಾರೆ. ನಮ್ಮ ಮನೆಯಲ್ಲಿ ಅದೇ ವಾರ ಸಂಕ್ರಾಂತಿ ಎಳ್ಳು ಬೆಲ್ಲವೂ ಆಗುತ್ತದೆ. ಅವರದ್ದು ಕರಿ ಎಳ್ಳು ಬೆಲ್ಲ, ನಮ್ಮದು ಬಿಳಿ ಎಳ್ಳು ಬೆಲ್ಲ. ಮಗಳು ಎರಡನ್ನೂ ಒಂದೇ ತಟ್ಟೆಯಲ್ಲಿ ಹಂಚುತ್ತೇನೆ ಅಂತ ಈಗಲೇ ಹೇಳಿದ್ದಾಳೆ.

ಅತ್ತೆಗೆ ಫೋನ್ ಮಾಡಿ ಎಲ್ಲಾ ಹೇಳಿದೆ. ಅವರು ಕೇಳಿದ್ದು ಒಂದೇ, "ಬೊರಾ ಅಕ್ಕಿ ಸಿಗುತ್ತಾ ಅಲ್ಲಿ?" ಥಾಯ್ ಅಂಗಡಿಯ ಅಂಟು ಅಕ್ಕಿ ಇದೆ ಅಂದೆ. "ಹಿಟ್ಟಿನ ಪ್ಯಾಕೆಟ್ ತರಬೇಡ, ಅದು ಒಣಗಿರುತ್ತದೆ, ಕಾವಲಿ ಮೇಲೆ ಹಿಡಿಯಲ್ಲ. ಅಕ್ಕಿ ತಂದು ರಾತ್ರಿ ನೆನೆಸು, ನೀರು ಬಸಿದು ಒದ್ದೆ ಇರುವಾಗಲೇ ಪುಡಿ ಮಾಡಬೇಕು" ಅಂದರು. ಇಲ್ಲಿ ಡೆಟ್ರಾಯ್ಟ್ ಸುತ್ತಮುತ್ತ ಇರುವವರಲ್ಲಿ ಯಾರ ಹತ್ತಿರವಾದರೂ ಒದ್ದೆ ಅಕ್ಕಿ ತರಿತರಿಯಾಗಿ ಪುಡಿಯಾಗುವ ಒಳ್ಳೆಯ ಮಿಕ್ಸಿ ಇದ್ದರೆ ಒಂದು ದಿನಕ್ಕೆ ಕೊಡಿ. ನಮ್ಮದು ಹೋದ ವಾರ ಕೆಟ್ಟಿದೆ. ಶನಿವಾರ ಬೆಳಿಗ್ಗೆ 8ಕ್ಕೆ ಬಂದು ತೆಗೆದುಕೊಂಡು ಹೋಗುತ್ತೇನೆ, ಮಧ್ಯಾಹ್ನ ಪಿಠಾ ಜೊತೆ ವಾಪಸ್ ತಂದುಕೊಡುತ್ತೇನೆ.